ಅಚ್ಚುಮೊಳೆಗೆ ಸಿಕ್ಕದ ಗಮಕ

ಕನ್ನಡದಲ್ಲಿ ನಾಣ್ಯಕ್ಕೂ ಅಚ್ಚು, ಅಕ್ಷರಕ್ಕೂ ಅಚ್ಚು, ಬೆಲ್ಲಕ್ಕೂ ಅಚ್ಚು. ಚೆನ್ನೈನ ಸೌಕಾರ್‌ಪೇಟೆಯಲ್ಲಿ ಇವುಗಳಲ್ಲಿ ಮೊದಲೆರಡು ಒಂದೇ ಸೂರಿನಡಿ ಬಾಳಿವೆ. ಅಲ್ಲಿನ ಮಿಂಟ್ ಸ್ಟ್ರೀಟನ್ನು ತಮಿಳರು ತಂಗಸಾಲೈ ಅನ್ನುತ್ತಾರೆ, ನಮ್ಮ ಟಂಕಸಾಲೆಯೇ. ನಾಣ್ಯ ಹೊಡೆಯುವುದು ನಿಂತ ಮೇಲೆ ಆ ಕಟ್ಟಡಕ್ಕೆ ಸರ್ಕಾರಿ ಮುದ್ರಣಾಲಯ ಬಂತು. ಕರ್ನಾಟಕ ಸಂಗೀತವನ್ನು ಪುಸ್ತಕವಾಗಿಸಿ ಮಾರಿದ ಮದರಾಸೂ ಇದೇ. ಆ ಪುಸ್ತಕಗಳ ಗುಣದೋಷ ತೂಗಲು ನನಗೆ ಸಿಕ್ಕ ತಕ್ಕಡಿ ಮಾತ್ರ ದೂರದ್ದು: ಹದಿನಾರನೇ ಶತಮಾನದ ಫ್ರೆಂಚ್ ಹಾಡುಗಳದ್ದು.

1501ರಲ್ಲಿ ವೆನಿಸ್‌ನ ಒಟ್ಟಾವಿಯಾನೊ ಪೆಟ್ರುಚ್ಚಿ 96 ರಚನೆಗಳ 'ಒಡೆಕಾಟನ್' ಸಂಕಲನ ಹೊರತಂದ. ಬಹುಪಾಲು ಫ್ರೆಂಚ್ ಹಾಡುಗಳು. ಮೂರು ನಾಲ್ಕು ಕಂಠಗಳು ಬೇರೆ ಬೇರೆ ದಾರಿ ಹಿಡಿದು ಒಟ್ಟಿಗೆ ಸಾಗುವಂಥವು. ಒಂದೇ ಹಾಳೆಯನ್ನು ಗೆರೆಗೊಮ್ಮೆ, ಸ್ವರಕ್ಕೊಮ್ಮೆ, ಅಕ್ಷರಕ್ಕೊಮ್ಮೆ ಯಂತ್ರಕ್ಕೆ ಕೊಡುತ್ತಿದ್ದ. ಕಣ್ಣಿಗೆ ಹಬ್ಬ, ಜೇಬಿಗೆ ಭಾರ. ಸಾಹಿತ್ಯ ಮಾತ್ರ ಹೆಚ್ಚಿನ ಕಡೆ ಮೊದಲ ಒಂದೆರಡು ಪದಗಳಷ್ಟೇ. 1850ರಲ್ಲಿ ಮಂಗಳೂರಿನಲ್ಲಿ ಮಿಷನರಿ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚುಹಾಕಿಸಿದಾಗ ಇದು ತಿರುವುಮುರುವಾಯಿತು: ಸಾಹಿತ್ಯ ಬಂತು, ಸ್ವರ ಬರಲಿಲ್ಲ. ಅಲ್ಲಿ ಮಾತು, ಇಲ್ಲಿ ಧಾಟಿ ಓದುಗನಿಗೆ ಮೊದಲೇ ಬಾಯಿಗೆ ಬರಬೇಕಿತ್ತು.

ಪ್ಯಾರಿಸ್‌ನ ಪಿಯೆರ್ ಅಟೆಂಞಾಂ 1528ರ ಹೊತ್ತಿಗೆ ಲೆಕ್ಕ ಬದಲಿಸಿದ. ಸ್ವರದ ಗುರುತನ್ನೂ ಅದರ ಹಿಂದಿನ ಐದು ಗೆರೆಗಳ ತುಣುಕನ್ನೂ ಒಂದೇ ಮೊಳೆಯಲ್ಲಿ ಎರಕ ಹೊಯ್ಸಿದ. ಹಾಳೆ ಒಂದೇ ಸಲ ಒತ್ತಿದರೆ ಸಾಕು. ಸಾಲು ನೋಡಿದರೆ ರೈಲು ಹಳಿಯ ಕೂಡುಗಳಂತೆ ಗೆರೆಗಳು ಅಲ್ಲಲ್ಲಿ ತುಂಡು. ಆದರೂ ಕ್ಲೋದಾಂ ದ ಸೆರ್ಮಿಸಿಯ ಪ್ರೇಮಗೀತೆ ಕೆಡಲಿಲ್ಲ, ಪ್ಯಾರಿಸ್ ಬೀದಿಯ ಮಾರಾಟಗಾರರ ಕೂಗನ್ನೇ ನಾಲ್ಕು ಕಂಠದ ಹಾಡಾಗಿಸಿದ ಕ್ಲೆಮಾಂ ಜಾನೆಕಾಂ ಕೆಡಲಿಲ್ಲ. (ತಳ್ಳುಗಾಡಿಗಳ ನಡುವೆ ಮಿಂಟ್ ಸ್ಟ್ರೀಟ್‌ನಲ್ಲಿ ನಡೆಯುವಾಗ ನಮಗೊಬ್ಬ ಜಾನೆಕಾಂ ಯಾಕೆ ಹುಟ್ಟಲಿಲ್ಲ ಅನ್ನಿಸುತ್ತದೆ.)

ಮದರಾಸಿನ ಅಟೆಂಞಾಂ ಯಾರೆಂದರೆ ತಚ್ಚೂರು ಸಿಂಗರಾಚಾರ್ಯ ಸಹೋದರರು. 1902ರ 'ಗಾಯಕ ಲೋಚನ'ವೂ ಸೇರಿ ಅವರ ಪುಸ್ತಕಗಳು ತೆಲುಗು ಲಿಪಿಯಲ್ಲಿದ್ದವು. ಕನ್ನಡಿಗನಿಗೆ ಅದು ತುಸು ತಿಣುಕಿದರೆ ದಕ್ಕುವ ಲಿಪಿ. ಸ, ರಿ, ಗ, ಮ ಬರೆಯಲು ಹೊಸ ಮೊಳೆ ಬೇಕಿಲ್ಲ. ಪಂಚಾಂಗ ಜೋಡಿಸುವ ಪೆಟ್ಟಿಗೆಯಲ್ಲೇ ವರ್ಣವೂ ಕೃತಿಯೂ ಇವೆ! ಈ ಸೌಕರ್ಯ ಯುರೋಪಿಗೆ ಇರಲಿಲ್ಲ. ನಮ್ಮ ತೊಡಕು ಹುಟ್ಟಿದ್ದೂ ಇಲ್ಲೇ ಎಂಬುದು ನನ್ನ ತಕರಾರು. ಅಲ್ಲಿ ಮುರಿದದ್ದು ಗೆರೆ, ಕಣ್ಣು ಅದನ್ನು ಕೂಡಿಸಿಕೊಂಡಿತು. ಇಲ್ಲಿ ಬಿಟ್ಟುಹೋದದ್ದು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿ, ಅಂದರೆ ಗಮಕ. ತೋಡಿಯ ಗಾಂಧಾರವನ್ನು ಬರಿಯ 'ಗ' ಎಂದು ಅಚ್ಚುಹಾಕಿದರೆ ರಾಗದ ಹೆಸರು ತಲೆಬರಹದಲ್ಲಿ ಮಾತ್ರ ಉಳಿಯುತ್ತದೆ.

ಇದನ್ನು ಬಲ್ಲವರು ಇರಲಿಲ್ಲವೆಂದಲ್ಲ. 1890ರ ದಶಕದಲ್ಲಿ ನಮ್ಮ ಕೃತಿಗಳನ್ನು ಪಾಶ್ಚಾತ್ಯ ಸ್ವರಲಿಪಿಗೆ ಇಳಿಸಿದ ಎ. ಎಂ. ಚಿನ್ನಸ್ವಾಮಿ ಮೊದಲಿಯಾರ್ ಮದರಾಸಿನವರೇ. ಬರೆದುಕೊಡಿರೆಂದು ಅವರು ಬೆನ್ನುಹತ್ತಿದ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' 1904ರಲ್ಲಿ ಎಟ್ಟಯಪುರದ ಅರಮನೆಯ ಮುದ್ರಣಾಲಯದಿಂದ ಬಂತು. ಕಂಪಿತ, ಸ್ಫುರಿತ, ಜಾರು, ನೊಕ್ಕು ಎಂಬ ಗಮಕಗಳಿಗೆಲ್ಲ ಅದರಲ್ಲಿ ಬೇರೆ ಬೇರೆ ಗುರುತು. ನಮ್ಮ ಪೆಟ್ರುಚ್ಚಿ ಅದು. ಬೆನ್ನಿಗೆ ಅರಮನೆಯಿಲ್ಲದ ಪ್ರಕಾಶಕ ಕೈಹಾಕುವ ಕೆಲಸವಲ್ಲ. ಪಾಠದ ಪುಸ್ತಕಗಳು ಬಹುಮಟ್ಟಿಗೆ ಹಿಡಿದದ್ದು ಅಗ್ಗದ ದಾರಿಯನ್ನೇ. ಆ ಪುಸ್ತಕಗಳಿಂದ ಮನೆಮನೆಗೆ ಸರಳೆ, ಜಂಟಿ, ಗೀತೆ ತಲುಪಿದ್ದನ್ನು ನಾನು ಹೀಗಳೆಯಲಾರೆ. ಅವು ಗುರುವಿನ ಪಕ್ಕದಲ್ಲಿ ಕೂತಾಗ ಒಳ್ಳೆಯ ಪುಸ್ತಕಗಳು, ಗುರುವಿನ ಜಾಗದಲ್ಲಿ ಕೂತಾಗ ಕೆಟ್ಟವು.

ನನ್ನ ಬಳಿ ಕೈಯಿಂದ ಕೈಗೆ ಬಂದ ಹಳೆಯ ಪಾಠದ ಪುಸ್ತಕವೊಂದಿದೆ. ತೋಡಿ ವರ್ಣದ ಪುಟದಲ್ಲಿ 'ಗ'ದ ನೆತ್ತಿಯ ಮೇಲೆ ಯಾರೋ ಪೆನ್ಸಿಲ್‌ನಲ್ಲಿ ಸಣ್ಣ ಅಲೆಯೊಂದನ್ನು ಎಳೆದಿದ್ದಾರೆ. ದೀಕ್ಷಿತರು ಕಂಪಿತಕ್ಕೆ ಇಟ್ಟ ಗುರುತೂ ಅಂಥದ್ದೇ ಅಲೆ.