ಹೊನ್ನಮ್ಮ ಅಪರೂಪದ ಹೆಸರಾ?

ದುಬಾರೆಯಲ್ಲಿ ಬೋಟಿಗೆ ಕ್ಯೂ ನಿಂತಿದ್ದಾಗ ಅಣ್ಣನ ಮೆಸೇಜ್ ಬಂತು. ಹೊಳೆಯ ಆಚೆ ದಡದಲ್ಲಿ ಮಾವುತರು ಆನೆಗಳ ಬೆನ್ನು ಉಜ್ಜುತ್ತಿದ್ದರು. ನಮ್ಮ ಆಫೀಸಿನವರೆಲ್ಲ ಅದರ ವಿಡಿಯೋ ಮಾಡ್ತಿದ್ದರು. ನಾನೊಬ್ಬಳು ಮಗುವಿನ ಹೆಸರಿನ ಪಟ್ಟಿ ಓದುತ್ತಾ ನಿಂತಿದ್ದೆ.

ಅಣ್ಣನ ಮಗಳಿಗೆ ಹತ್ತು ತಿಂಗಳು. ಮನೆಯಲ್ಲಿ ಪುಟ್ಟಿ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ. ಒಂದು ವರ್ಷದೊಳಗೆ ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ ಕಟ್ಟಬೇಕು. ಅತ್ತಿಗೆಯ ಷರತ್ತು ಒಂದೇ: ಹೆಸರು ಅಪರೂಪದ್ದಾಗಿರಬೇಕು, ಕ್ಲಾಸಲ್ಲಿ ಇನ್ನೊಬ್ಬಳು ಇರಬಾರದು. ಅಜ್ಜಿಯ ಹೆಸರು ಹೊನ್ನಮ್ಮ ಇಡೋಣ ಅಂತ ನಾನು ಹೇಳಿ ಆಗಿತ್ತು. "ಹತ್ತು ತಿಂಗಳ ಮಗೂನ ಅಮ್ಮ ಅಂತ ಕರೀಬೇಕಾ?" ಅಂತ ಅವರು ನಕ್ಕು ಬಿಟ್ಟಿದ್ದರು. ಪುಸ್ತಕ, ಸಿನಿಮಾ ವಿಮರ್ಶೆ ಮಾಡ್ತೀವಲ್ಲ, ನಾವೆಲ್ಲ ಅದಕ್ಕಿಂತ ಹೆಚ್ಚು ನಂಬಿ ಓದೋದು ಈ ಪಟ್ಟಿಗಳನ್ನ. ಇವನ್ನೂ ಯಾರಾದರೂ ವಿಮರ್ಶೆ ಮಾಡಬೇಕಲ್ಲ.

ಪಟ್ಟಿಯಲ್ಲಿ ಪ್ರತಿ ಹೆಸರಿಗೂ ಮೂರು ಕಾಲಂ: ಅರ್ಥ, ಮೂಲ, ಜನಪ್ರಿಯತೆ. ಜನಪ್ರಿಯತೆಗೆ ಐದರಲ್ಲಿ ಇಷ್ಟು ನಕ್ಷತ್ರ. ಯಾರು ಎಣಿಸಿದ್ದು? ಅಮೆರಿಕದ ಸೋಶಿಯಲ್ ಸೆಕ್ಯೂರಿಟಿ ಇಲಾಖೆ ವರ್ಷಕ್ಕೆ ಐದು ಮಕ್ಕಳಿಗಾದರೂ ಇಟ್ಟ ಹೆಸರುಗಳ ಲೆಕ್ಕವನ್ನು 1880ರಿಂದ ಈಚಿನದ್ದೆಲ್ಲ ಪ್ರಕಟಿಸುತ್ತೆ. ನಮ್ಮಲ್ಲಿ 1969ರ ಕಾಯ್ದೆಯ ಪ್ರಕಾರ ಜನನ ನೋಂದಣಿ ಕಡ್ಡಾಯ, ಆದರೆ ಅಂಥ ಪಟ್ಟಿ ಹೊರಗೆ ಬರೋದಿಲ್ಲ. ಹಾಗಾಗಿ ಈ 'ಅಪರೂಪ' ಅನ್ನೋ ಚೀಟಿಗೆ ಬುಡವೇ ಇಲ್ಲ.

ಮೂಲದ ಕಾಲಂ ಇನ್ನೂ ಮಜಾ. ಹಿಂದಿನ ರಾತ್ರಿ ನಾವು ಉಳಿದಿದ್ದ ಹೋಮ್‌ಸ್ಟೇಯ ಆಂಟಿಯ ಹೆಸರು ಪೊನ್ನಮ್ಮ. ಎಪ್ಪತ್ತು ದಾಟಿದ ಕೊಡವತಿ, ಅವರ ತಂಗಿ ಬೊಳ್ಳಮ್ಮ. ಕೊಡವ ತಕ್ಕ್‌ನಲ್ಲಿ ಬೊಳ್ಳಿ ಅಂದರೆ ಬೆಳ್ಳಿ. ನಮ್ಮಜ್ಜಿ ಹೊನ್ನಮ್ಮ ಅಂದೆ. "ಅಯ್ಯೋ, ಒಂದೇ ಹೆಸರಲ್ವಾಮ್ಮ ಅದು! ನಾವು ಪುತ್ತರಿ ಅಂತೀವಿ, ನೀವು ಹುತ್ತರಿ ಅಂತೀರಿ. ಹಾಗೇ," ಅಂದರು. ಭಾಷಾಶಾಸ್ತ್ರದ ಒಂದು ಅಧ್ಯಾಯ ಕಾಫಿ ಲೋಟದ ಜೊತೆ ಮುಗಿದುಹೋಯ್ತು.

ಅವರು ಹೇಳಿದ್ದು ಸರಿ. ಹಳಗನ್ನಡದಲ್ಲಿ ಹಾಲು ಪಾಲ್, ಹೂ ಪೂ, ಹೊನ್ನು ಪೊನ್. ಮುಂದಿನ ಶತಮಾನಗಳಲ್ಲಿ ಕನ್ನಡ ಆ ಪಕಾರ ಬಿಟ್ಟು ಹಕಾರ ಹಿಡೀತು. ಕೊಡವ ತಕ್ಕ್, ತಮಿಳು, ಮಲಯಾಳಂ ಬಿಡಲಿಲ್ಲ. 10ನೇ ಶತಮಾನದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಆಸ್ಥಾನದಲ್ಲಿದ್ದ ನಮ್ಮ ಕವಿಯ ಹೆಸರು ಪೊನ್ನ. ಅವನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ್ದು ಅತ್ತಿಮಬ್ಬೆ. (ಅದು ನಿಜವಾಗಿಯೂ ಅಪರೂಪದ ಹೆಸರು. ಇಡೋ ಧೈರ್ಯ ನನಗೂ ಇಲ್ಲ.) ಏಳುನೂರು ವರ್ಷ ಆದಮೇಲೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಎಲೆಯಡಿಕೆ ಸಂಚಿ ಹೊರುತ್ತಿದ್ದ ಯಳಂದೂರಿನ ಹೆಣ್ಣುಮಗಳೊಬ್ಬಳು 'ಹದಿಬದೆಯ ಧರ್ಮ' ಬರೆದಳು. ಅವಳು ಸಂಚಿ ಹೊನ್ನಮ್ಮ. ಪೊನ್ನನ ಹೆಸರಲ್ಲಿರೋ ಚಿನ್ನವೇ ಅವಳ ಹೆಸರಲ್ಲೂ ಇರೋದು.

ಪಟ್ಟಿಯಲ್ಲಿ ಹೊನ್ನಮ್ಮ ಇಲ್ಲವೇ ಇಲ್ಲ. ಪೊನ್ನಮ್ಮ ಇದೆ: 'ಮೂಲ: ಮಲಯಾಳಂ'. ಕವಿಯೂರ್ ಪೊನ್ನಮ್ಮ ಅಂಥ ದೊಡ್ಡ ನಟಿಯನ್ನ ಕೊಟ್ಟ ಭಾಷೆ, ಆ ಹೆಸರಿನ ಮೇಲೆ ಅವರ ಹಕ್ಕನ್ನ ನಾನು ಕಿತ್ಕೊಳ್ಳಲ್ಲ. ಆದರೆ ಒಂದು ಹೆಸರಿಗೆ ಒಂದೇ ರಾಜ್ಯದ ಆಧಾರ್ ಕಾರ್ಡ್ ಯಾಕೆ? ನಮ್ಮೆದುರು ಹರೀತಿದ್ದ ಕಾವೇರಿಯನ್ನೇ ನೋಡಿ, ತಮಿಳಿನಲ್ಲಿ ಅವಳಿಗೆ ಪೊನ್ನಿ ಅಂತಲೂ ಹೆಸರು.

ಆಂಟಿಯ ಮೊಮ್ಮಗಳ ಹೆಸರು ಕೇಳಿದೆ. ಕಿಯಾರಾ. "ಅರ್ಥ ಏನೋ ಒಳ್ಳೇದೇ ಇದೆಯಂತೆ," ಅಂದರು. ಐರಿಶ್ ಮೂಲ ಹಿಡಿದರೆ ಕಪ್ಪು ಬಣ್ಣದವಳು, ಇಟಾಲಿಯನ್ ಹಿಡಿದರೆ ತಿಳಿಯಾಗಿ ಬೆಳಗುವವಳು. ಪಟ್ಟಿ ಎರಡನ್ನೂ ಕೊಟ್ಟು, ಸಾಲದು ಅಂತ 'ದೇವರ ಕೊಡುಗೆ' ಅಂತಲೂ ಸೇರಿಸಿದೆ. ನಮ್ಮ ಊರುಗಳಿಗೆ ಅದು ಬಂದ ದಾರಿ ಮಾತ್ರ ಬಾಲಿವುಡ್. ಆಲಿಯಾ ಅನ್ನೋ ಹೆಸರಿನ ಇನ್ನೊಬ್ಬ ನಟಿ ಆಗಲೇ ಇದ್ದಾರೆ ಅಂತ ಆಲಿಯಾ ಅಡ್ವಾಣಿ 2010ರ 'ಅಂಜಾನಾ ಅಂಜಾನಿ' ಸಿನಿಮಾದ ಪಾತ್ರದ ಹೆಸರನ್ನ ತಮ್ಮದಾಗಿಸಿಕೊಂಡರು. ಇದು ಯಾವ ಕಾಲಂನಲ್ಲೂ ಇಲ್ಲ.

ಇದಕ್ಕೆ ಈಗಿನವರನ್ನ ಬೈಯೋದು ಸುಲಭ, ನಾನು ಬೈಯಲ್ಲ. ನಮ್ಮಜ್ಜಿಯೇ ತನ್ನ ಮಗಳಿಗೆ ಹಳೇ ಹೆಸರು ಇಡಲಿಲ್ಲ. 1961ರಲ್ಲಿ ಬಿ. ಸರೋಜಾದೇವಿ 'ಕಿತ್ತೂರು ಚೆನ್ನಮ್ಮ' ಮಾಡಿದರು, ಮರುವರ್ಷ ಹುಟ್ಟಿದ ನಮ್ಮತ್ತೆಗೆ ಸರೋಜಾ ಅಂತ ಇಟ್ಟರು. ಅಜ್ಜಿಗೆ ಬೇಕಿದ್ದದ್ದು ರಾಣಿಯ ಹೆಸರಲ್ಲ, ನಟಿಯದ್ದು. ಜನರಲ್ ತಿಮ್ಮಯ್ಯನವರು ಮಗಳಿಗೆ ಮಿರೇಲ್ ಅನ್ನೋ ಫ್ರೆಂಚ್ ಹೆಸರು ಇಟ್ಟಿದ್ದರು, ಅದೂ ಸ್ವಾತಂತ್ರ್ಯಕ್ಕೆ ಮೊದಲು. ಹೊಸ ಹೆಸರಿನ ಆಸೆ ಎಲ್ಲ ಕಾಲದ್ದು. ದಸರೆಗೆ ಮೈಸೂರಿಗೆ ಹೋಗಿಬರುವ ಈ ಕ್ಯಾಂಪಿನ ಹೆಣ್ಣಾನೆಗಳ ಹೆಸರು ಕಾವೇರಿ, ವಿಜಯ. ಎರಡೂ ನಮ್ಮ ಅತ್ತೆಯಂದಿರ ಕಾಲದವು.

ನನ್ನ ತಕರಾರು ಪಟ್ಟಿಯ ಜೊತೆ. ಇಡೀ ಊರಲ್ಲಿ ಬಾವಿಕಟ್ಟೆಗೊಬ್ಬಳಂತೆ ಇದ್ದ ಹೊನ್ನಮ್ಮಂದಿರು ಎರಡೇ ತಲೆಮಾರಲ್ಲಿ ಖಾಲಿಯಾದರು. ಅದನ್ನ ಬಿಟ್ಟು, ಎಲ್ಲರೂ ಒಟ್ಟಿಗೇ ಹುಡುಕ್ತಿರೋ ಹೆಸರನ್ನ ಅಪರೂಪ ಅಂತ ಮಾರುತ್ತೆ ಅದು. ನನ್ನ ಟೀಮಿನ ಇಬ್ಬರ ಮನೆಯಲ್ಲಿ ಈಗಾಗಲೇ ಕಿಯಾರಾ ಇದ್ದಾಳೆ.

ಇದನ್ನೆಲ್ಲ ಕ್ಯೂನಲ್ಲೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿದೆ. ಅತ್ತಿಗೆಯೇ ಫೋನ್ ಮಾಡಿದರು.

"ಪೊನ್ನಿ ಅಂದ್ಯಲ್ಲ, 'ಪೊನ್ನಿಯಿನ್ ಸೆಲ್ವನ್' ಪೊನ್ನೀನಾ? ಅದು ಚೆನ್ನಾಗಿದೆ ಕಣೇ!"

ಅಜ್ಜಿಯ ಬಾಯಲ್ಲಿ ಬೇಡವಾದ ಚಿನ್ನ ಮಣಿರತ್ನಂ ಬಾಯಲ್ಲಿ ಬೇಕಾಯ್ತು. ಸ್ವಲ್ಪ ಉರೀತು. "ಹಾಗಾದರೆ ಕನ್ನಡದಲ್ಲೇ ಹೊನ್ನಿ ಅಂತ ಇಡಿ, 'ಅಮ್ಮ' ಬೇಡ," ಅಂದೆ.

ಒಂದು ನಿಮಿಷ ಮಾತಿಲ್ಲ. ಆಮೇಲೆ, "ಇಂಗ್ಲಿಷಲ್ಲಿ ಬರೆದ್ರೆ ಎಲ್ರೂ 'ಹನಿ' ಅಂತ ಓದ್ತಾರೆ," ಅಂದರು.

"ಓದಲಿ ಬಿಡಿ ಅತ್ತಿಗೆ."

"ನಿಮ್ಮಣ್ಣನ್ನ ಕೇಳ್ತೀನಿ ಇರು."

ಬೋಟ್ ಬಂತು. ಲೈಫ್ ಜಾಕೆಟ್ ಹಾಕ್ಕೊಂಡು ಹತ್ತಿದೆ. ಅಣ್ಣ ಇನ್ನೂ ಉತ್ತರ ಕೊಟ್ಟಿಲ್ಲ. ಎರಡು ತಿಂಗಳಿದೆ.