ಹೂ ಬಿಡುವ ಮರದ ಕಥೆ: ಒಂದು ವಿವೇಚನೆ

ಕನ್ನಡನಾಡಿನ ಹೆಂಗಸರ ಬಾಯಲ್ಲಿ ಉಳಿದುಬಂದಿರುವ ಕಥೆಗಳಲ್ಲಿ, ಮರವಾಗಿ ಹೂ ಬಿಡುವ ಹುಡುಗಿಯ ಕಥೆಯಷ್ಟು ದೂರ ಸಂಚರಿಸಿದುದು ವಿರಳ. ಎ. ಕೆ. ರಾಮಾನುಜನ್ ಅವರು ಇದನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದರು. ಅವರು ತೀರಿಕೊಂಡ ಮೇಲೆ 1997ರಲ್ಲಿ ಪ್ರಕಟವಾದ ಅವರ ಕಥಾಸಂಕಲನಕ್ಕೆ ಈ ಕಥೆಯ ಹೆಸರನ್ನೇ ಇಡಲಾಯಿತು. ಗಿರೀಶ ಕಾರ್ನಾಡರ ‘ಚೆಲುವಿ’ ಚಲನಚಿತ್ರಕ್ಕೂ (1992) ಇದೇ ಆಧಾರ. ಈ ಕಥೆಯ ಮರವು ಕೇವಲ ಸಂಕೇತವೆ, ಅಥವಾ ಮರವಾಗಿಯೇ ಅದು ನಮಗೆ ಏನನ್ನಾದರೂ ಹೇಳುತ್ತದೆಯೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಥೆಯ ಸಾರ ಇಷ್ಟು. ಬಡ ಮುದುಕಿಯ ಕಿರಿಯ ಮಗಳು, ತಾಯಿಯ ಕಷ್ಟವನ್ನು ನೋಡಲಾರದೆ, ಮರವಾಗುತ್ತಾಳೆ. ಅಕ್ಕನು ಉಗುರು ಸೋಕದಂತೆ ತಂದ ಎರಡು ಕೊಡ ನೀರಿನಲ್ಲಿ ಒಂದನ್ನು ಸುರಿದರೆ ಮರ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಎಲೆ ಹರಿಯದಂತೆ, ಕೊಂಬೆ ಮುರಿಯದಂತೆ ಹೂ ಬಿಡಿಸಬೇಕೆಂಬುದು ನಿಯಮ. ಹೂವನ್ನು ಅರಮನೆಯಲ್ಲಿ ಮಾರುತ್ತಾರೆ. ಗುಟ್ಟನ್ನು ಕಂಡ ರಾಜಕುಮಾರನು ಆಕೆಯನ್ನು ಮದುವೆಯಾಗುತ್ತಾನೆ. ಮುಂದೆ ನಾದಿನಿಯು ಆಕೆಯನ್ನು ಸುರಹೊನ್ನೆಯ ತೋಪಿಗೆ ಕರೆದೊಯ್ದು ಮರವಾಗುವಂತೆ ಬಲವಂತಪಡಿಸುತ್ತಾಳೆ. ಗೆಳತಿಯರು ಕೊಂಬೆಗಳನ್ನು ಮುರಿದು, ನೀರನ್ನು ಮನಬಂದಂತೆ ಚೆಲ್ಲಿ ಹೋಗುತ್ತಾರೆ. ಕೈಕಾಲಿಲ್ಲದ ಅರೆದೇಹವಾಗಿ ಉಳಿದ ಆಕೆಯನ್ನು ಕೊನೆಯಲ್ಲಿ ಗಂಡನೇ ಗುರುತಿಸಿ ಉದ್ಧರಿಸುತ್ತಾನೆ.

ರಾಮಾನುಜನ್ ಅವರು ಇದನ್ನು ಹೆಣ್ಣಿನ ಕಥೆಯೆಂದು ಓದಿದರು. ಹೂ ಬಿಡುವ ಶಕ್ತಿಯು ಪ್ರಕಟವಾಗುವ ಕ್ಷಣದಲ್ಲಿಯೇ ಆಕೆಯು ಅತ್ಯಂತ ಅಸಹಾಯಳೂ ಆಗಿರುತ್ತಾಳೆಂಬ ಅವರ ಗ್ರಹಿಕೆ ಮಾರ್ಮಿಕವಾದುದು. ಅದನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಮರವನ್ನು ಹೆಣ್ಣಿನ ಉಪಮಾನವೆಂದು ಮಾತ್ರ ತಿಳಿದರೆ ಕಥೆಯ ಅರ್ಧವು ಕೈಬಿಟ್ಟು ಹೋಗುತ್ತದೆ.

ಈ ಮಾತನ್ನು ಸ್ಪಷ್ಟಪಡಿಸಲು ಶಿಷ್ಟಕಲೆಯೊಡನೆ ಹೋಲಿಸಿ ನೋಡಬಹುದು. ಹೆಣ್ಣು ಮತ್ತು ಮರಗಳ ಜೋಡಿ ನಮ್ಮ ಶಿಲ್ಪದಲ್ಲಿ ಬಹು ಪ್ರಾಚೀನವಾದುದು. ಸಾಂಚಿಯ ಪೂರ್ವ ತೋರಣದಲ್ಲಿ ಯಕ್ಷಿಯು ಮಾವಿನ ಕೊಂಬೆಯನ್ನು ಹಿಡಿದು ಬಾಗಿದ್ದಾಳೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ಎಲೆಬಳ್ಳಿಗಳ ತೋರಣದ ಕೆಳಗೆ ನಿಂತಿದ್ದಾರೆ. ತರುಣಿಯ ಪಾದಾಘಾತದಿಂದ ಅಶೋಕವು ಅರಳುವುದೆಂಬ ದೋಹದದ ಕಲ್ಪನೆ ಸಂಸ್ಕೃತ ಕಾವ್ಯಗಳಲ್ಲಿ ಪ್ರಸಿದ್ಧವಾಗಿದೆ. ಇಂತಹ ವಿಗ್ರಹಕ್ಕೆ ‘ಸಾಲಭಂಜಿಕೆ’ ಎಂಬ ಹೆಸರುಂಟಷ್ಟೆ. ಸಾಲವೃಕ್ಷದ ಕೊಂಬೆಯನ್ನು ಮುರಿಯುವವಳು ಎಂಬುದೇ ಆ ಪದದ ಅರ್ಥ. ಶಿಲ್ಪಿಯ ಕಣ್ಣಿಗೆ ಕೊಂಬೆ ಮುರಿಯುವುದೊಂದು ಲೀಲೆ. ಅದೇ ಲೀಲೆಯನ್ನು ನಮ್ಮ ಕಥೆಯು ಕೊಂಬೆಯ ಕಡೆಯಿಂದ ನೋಡುತ್ತದೆ. ತೋಪಿನಲ್ಲಿ ಆಡಲು ಬಂದ ಅರಮನೆಯ ಹುಡುಗಿಯರು ಸಾಲಭಂಜಿಕೆಯರೇ. ಆದರೆ ಅವರು ಮುರಿದುದು ಇನ್ನೊಬ್ಬಳ ತೋಳು.

ಎರಡನೆಯದಾಗಿ, ಕಥೆಯ ನಿಯಮಗಳು ಪವಾಡದ ಅಲಂಕಾರಗಳಲ್ಲ. ಹೂ ಬಿಡಿಸುವವರ ನಿತ್ಯದ ವಿವೇಕವೇ ಅಲ್ಲಿದೆ. ಹುಡುಗಿ ಯಾವ ಜಾತಿಯ ಮರವಾದಳೆಂಬುದನ್ನು ಕಥೆ ಹೇಳುವುದಿಲ್ಲ; ತೋಪಿನ ಹೆಸರನ್ನು ಮಾತ್ರ ಹೇಳುತ್ತದೆ. ಸುರಹೊನ್ನೆಯು ಪಶ್ಚಿಮಘಟ್ಟಗಳ ಸ್ವದೇಶೀ ವೃಕ್ಷ. ಸುಗಂಧಕ್ಕೆ ಹೆಸರಾದ ಅದರ ಹೂಗಳು ಎಲೆಯುದುರಿದ ಹಳೆಯ ಕೊಂಬೆಗಳ ಗಂಟುಗಳಲ್ಲಿ ಗೊಂಚಲಾಗಿ ಬರುತ್ತವೆ. ಅಂಥ ಕೊಂಬೆಯನ್ನು ಮುರಿದವನು ಈ ವರ್ಷದ ಹೂವಿನೊಡನೆ ಮುಂದಿನ ವರ್ಷಗಳ ಹೂವನ್ನೂ ಕಳೆದುಕೊಳ್ಳುತ್ತಾನೆ. ಹೂವನ್ನು ತೆಗೆದುಕೊ, ಕೊಂಬೆಯನ್ನು ಉಳಿಸು ಎಂಬ ಮಾತು ಇಂತಹ ಮರಗಳ ನೆರಳಿನಲ್ಲಿ ಬಾಳಿದವರ ಅನುಭವಕ್ಕೆ ಒಪ್ಪುವಂತಹುದು.

ಇಲ್ಲಿಯೇ ‘ಚೆಲುವಿ’ ಚಿತ್ರದ ವಿಷಯದಲ್ಲಿ ಒಂದು ಮಾತು ಹೇಳಬೇಕಾಗಿದೆ. ಉತ್ತರ ಕನ್ನಡದಲ್ಲಿ ಜನರು ಮರಗಳನ್ನಪ್ಪಿ ಕಡಿತವನ್ನು ತಡೆದ ಅಪ್ಪಿಕೋ ಚಳವಳಿ 1983ರಲ್ಲಿ ಆರಂಭವಾಗಿದ್ದಿತು. ಆ ದಶಕದ ಆತಂಕದ ಹಿನ್ನೆಲೆಯಲ್ಲಿ ಕಾರ್ನಾಡರು ಕಥೆಯನ್ನು ವನನಾಶದ ಎಚ್ಚರಿಕೆಯನ್ನಾಗಿ ತಿರುಗಿಸಿ, ಮಂಗಳಾಂತ್ಯವನ್ನು ಕೈಬಿಟ್ಟುದು ಸಹಜವೇ. ಆದರೂ ಮೂಲಕಥೆಯ ವಾದ ಇದಕ್ಕಿಂತ ಸೂಕ್ಷ್ಮವಾದುದು. ಕೊಡಗಿನ ದೇವರಕಾಡುಗಳ ಕಟ್ಟಳೆಯಂತೆ ಅದು ಕೊಡಲಿಯನ್ನು ಹೊರಗಿಡುವ ಮಾತಲ್ಲ. ಅದು ಬಳಕೆಯನ್ನು ನಿಷೇಧಿಸುವುದಿಲ್ಲ. ಬಳಕೆಯ ಬಗೆಯನ್ನು ತೂಗಿ ನೋಡುತ್ತದೆ. ಗುಡಿಸಲಿನಲ್ಲಿ ಹೂವು ಅನ್ನವಾಯಿತು. ಅರಮನೆಯಲ್ಲಿ ಹಾಸಿಗೆಗೆ ಹಾಸಿದ ಹೂವು ಬೆಳಗಾದರೆ ಕಿಟಕಿಯಾಚೆ ಬಾಡಿದ ಗುಡ್ಡೆಯಾಯಿತು. ಆ ಗುಡ್ಡೆಯೇ ನಾದಿನಿಯ ಕಣ್ಣಿಗೆ ಬಿದ್ದು ಕೇಡಿಗೆ ದಾರಿಯಾದುದನ್ನು ಗಮನಿಸಬೇಕು. ಅಂದರೆ ಅನಾಹುತದ ಬೀಜವಿರುವುದು ಮತ್ಸರದಲ್ಲಿ ಮಾತ್ರವಲ್ಲ, ಪ್ರೀತಿಯ ಹೆಸರಿನ ದುಂದಿನಲ್ಲಿಯೂ ಇದೆ.

ಆದುದರಿಂದ ಕಥೆಯ ಮುಕ್ತಾಯವನ್ನು ಅಗ್ಗದ ಸುಖಾಂತವೆಂದು ತಳ್ಳಿಹಾಕುವುದು ಉಚಿತವಲ್ಲ. ದಿನವೂ ಹೂವನ್ನು ಬೇಡುತ್ತಿದ್ದ ಗಂಡನು ಕೊನೆಯಲ್ಲಿ ತಾನೇ ನೀರು ಸುರಿದು, ಮುರಿದ ಕೊಂಬೆಗಳನ್ನು ನೆಟ್ಟಗೆ ಜೋಡಿಸುತ್ತಾನೆ. ಅಕ್ಕನು ಮಾಡುತ್ತಿದ್ದ ಕೆಲಸವನ್ನು ಆತನು ಕಲಿಯುತ್ತಾನೆ. ಮುರಿದ ಮರ ಆ ಕಲಿಕೆಗೆ ಮೊದಲು ಚೇತರಿಸಿಕೊಳ್ಳುವುದಿಲ್ಲ. ನಮ್ಮ ಶಾಸನಗಳಲ್ಲಿ ಹುಣಿಸೆ, ಆಲ ಮೊದಲಾದ ಮರಗಳು ಭೂಮಿಯ ಎಲ್ಲೆಯನ್ನು ಸೂಚಿಸುವ ಗುರುತುಗಳಾಗಿ ಬರುತ್ತವೆ. ಮನುಷ್ಯನ ಆಸೆಯ ಎಲ್ಲೆಯನ್ನು ಗುರುತಿಸಿದ ಮರವು ಈ ಕಥೆಯಲ್ಲಿದೆ. ಜನಪದ ಕಥೆಗಳನ್ನು ಇತಿಹಾಸದ ಆಕರಗಳೆಂದು ಪರಿಗಣಿಸುವವರು ಈ ಗುರುತನ್ನೂ ಶಾಸನದಷ್ಟೇ ಎಚ್ಚರದಿಂದ ಓದಬೇಕು.