ಓರೆ ಕೂತ ಗುಂಡು

ರೈಫಲ್ ತೋಟಾದ ಹಿತ್ತಾಳೆ ಕೇಸು, ಅದರ ಕೊರಳು, ಕೊರಳಲ್ಲಿ ಕೂತ ಗುಂಡು ಈ ಮೂರಕ್ಕೂ ನಡುರೇಖೆ ಒಂದೇ ಇರಬೇಕು. ಓರೆಯಾಗಿ ಕೂತ ಗುಂಡು ನಳಿಗೆಯ ಸುರುಳಿಗೀರುಗಳೊಳಗೆ ಓರೆಯಾಗಿಯೇ ನುಗ್ಗುತ್ತದೆ. ಅದರ ತೂಕದ ಕೇಂದ್ರ ನಳಿಗೆಯ ನಡುವಿನಿಂದ ಸರಿದು ಸುತ್ತುತ್ತದೆ. ಬಾಯಿ ದಾಟಿದ ಕೂಡಲೇ ಗುಂಡು ಪಕ್ಕಕ್ಕೆ ವಾಲುತ್ತದೆ. ತೋಟಾವನ್ನು ಕೈಯಿಂದ ತುಂಬುವವರು ಈ ಓರೆ ತೆಗೆಯಲು ಬಹಳ ಶ್ರಮಪಡುತ್ತಾರೆ. ಆ ಶ್ರಮದಲ್ಲಿ ಒಂದು ಪಾಲು ಸಾರ್ಥಕ, ಇನ್ನೊಂದು ಪಾಲು ಓರೆ ಅಳೆಯುವ ಡಯಲಿನ ಮುಳ್ಳನ್ನು ಮೆಚ್ಚಿಸುವುದಕ್ಕಷ್ಟೇ.

ಹಳೆಯ ಬಂದೂಕಿಗೆ ಈ ಚಿಂತೆ ಇರಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಧಾರವಾಡ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದ. ಆ ಗುಂಡು ಕಿತ್ತೂರು ಪಡೆಯ ಅಮಟೂರ ಬಾಳಪ್ಪನದೆಂದು ಬೈಲಹೊಂಗಲ ಸೀಮೆಯ ಜನ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಆ ಕಾಲದ ಕಂಪನಿ ಸೈನ್ಯದ ಬಂದೂಕಿನ ನಳಿಗೆ ಸುಮಾರು 19 ಮಿಲಿಮೀಟರ್ ಅಗಲ, ಸೀಸದ ಗುಂಡು ಸುಮಾರು 17.5. ನಡುವೆ ಒಂದೂವರೆ ಮಿಲಿಮೀಟರ್ ಸಡಿಲ. ಚೆಂಡಿನಾಕಾರದ ಗುಂಡಿಗೆ ನೇರ, ಓರೆ ಎಂಬ ಭೇದವೇ ಇಲ್ಲ. ಗುರಿ ತಪ್ಪುತ್ತಿದ್ದದ್ದು ಈ ಸಡಿಲದಿಂದ. 1849ರ ಮಿನಿಯೇ ಗುಂಡಿನ ನಂತರ ಉದ್ದನೆಯ ಗುಂಡುಗಳು ಬಳಕೆಗೆ ಬಂದಂತೆ ನಡುರೇಖೆಯ ಪ್ರಶ್ನೆಯೂ ಬಂತು.

ಓರೆ ಅಳೆಯುವುದು ಸುಲಭ. ತೋಟಾವನ್ನು ವಿ-ಬ್ಲಾಕಿನ ಮೇಲೆ ಮಲಗಿಸಿ, ಕೇಸಿನ ಬಾಯಿಯ ಸ್ವಲ್ಪ ಮುಂದೆ ಗುಂಡಿನ ಮೈಗೆ ಡಯಲ್ ಗೇಜಿನ ಮೊನೆ ತಾಗಿಸಿ, ಬೆರಳಿನಿಂದ ಒಂದು ಪೂರ್ತಿ ಸುತ್ತು ತಿರುಗಿಸಬೇಕು. ಮುಳ್ಳು ಒಟ್ಟು 0.10 ಮಿಲಿಮೀಟರ್ ಓಡಾಡಿದರೆ ಆ ಜಾಗದಲ್ಲಿ ಗುಂಡಿನ ನಡು ಸರಿದಿರುವುದು ಅದರ ಅರ್ಧ, 0.05. ಇದೇ ಪರೀಕ್ಷೆಯನ್ನು ಗುಂಡು ಕೂರಿಸುವ ಮೊದಲು ಖಾಲಿ ಕೊರಳಿನ ಮೇಲೂ ಮಾಡಬೇಕು. ಅಲ್ಲೇ ಮುಳ್ಳು ಓಡಾಡಿದರೆ ಗುಂಡು ಕೂರಿಸುವ ಡೈಯನ್ನು ದೂರಿ ಫಲವಿಲ್ಲ.

ದೋಷದ ಬೇರು ಬಹುಪಾಲು ಕೊರಳಿನಲ್ಲೇ ಇದೆ. ಹಿತ್ತಾಳೆಯ ಗೋಡೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಇದ್ದಾಗ ಕೇಸನ್ನು ಅಳತೆಗೆ ತರುವ ಡೈ ಹೊರಮೈಯನ್ನು ದುಂಡಗೆ ಮಾಡುತ್ತದೆ, ಆದರೆ ದಪ್ಪದ ವ್ಯತ್ಯಾಸವೆಲ್ಲ ಒಳಕ್ಕೆ ಹೋಗುತ್ತದೆ. ಹೊರಗೆ ದುಂಡಗಿದ್ದೂ ಅಚ್ಚಿನ ತೂತು ನಡುವಿನಿಂದ ಸರಿದ ಚಕ್ಕಡಿ ಗಾಲಿಯ ಸ್ಥಿತಿ ಅದು. ಇದಕ್ಕೆ ಸರಿಯಾದ ಕ್ರಮ ಬೇರೆ: ಮೊದಲು ಒಳತೂತನ್ನು ನಯವಾದ ಉಕ್ಕಿನ ಕಡ್ಡಿಯಿಂದ ಹಿಗ್ಗಿಸಿ ವ್ಯತ್ಯಾಸವನ್ನು ಹೊರಕ್ಕೆ ತಳ್ಳುವುದು, ಆಮೇಲೆ ಹೊರಮೈಯನ್ನು ಕೆತ್ತಿ ದಪ್ಪ ಸಮ ಮಾಡುವುದು. ಎರಡನೆಯ ಅಪರಾಧಿ ಅದೇ ಬಗೆಯ ಸಾಮಾನ್ಯ ಡೈಯೊಳಗೆ ಕೊರಳನ್ನು ಹಿಗ್ಗಿಸುವ ಗುಂಡಿ. ಜಿಡ್ಡಿಲ್ಲದ ಒಣ ಕೊರಳಿನಿಂದ ಅದನ್ನು ಬಿಗಿಯಾಗಿ ಎಳೆದಾಗ ಕೊರಳೇ ವಾಲುತ್ತದೆ. ಕೊರಳ ಒಳಗೆ ತುಸು ಜಿಡ್ಡು ಸವರುವುದು ಅತ್ಯಂತ ಅಗ್ಗದ, ಅಷ್ಟೇ ಫಲಕಾರಿಯಾದ ಉಪಾಯ.

ಸಿದ್ಧ ತೋಟಾದ ಗುಂಡನ್ನು ಪಕ್ಕದಿಂದ ಒತ್ತಿ ನೆಟ್ಟಗೆ ಮಾಡುವ ಸಾಧನಗಳನ್ನು ಮಾತ್ರ ಒಪ್ಪುವುದು ಕಷ್ಟ. ಗೇಜಿನಲ್ಲಿ ಅಂಕಿ ಚೆಂದ ಬರುತ್ತದೆ, ನಿಜ. ಆದರೆ ಹಾಗೆ ಒತ್ತುವಾಗ ಕೊರಳು ಬಾಗುತ್ತದೆ, ಗುಂಡಿನ ಮೇಲಿನ ಹಿಡಿತ ಒಂದು ಬದಿಗೆ ಸಡಿಲಗೊಳ್ಳಬಹುದು. ಕೊರಳಲ್ಲಿ ಹುಟ್ಟಿದ ರೋಗಕ್ಕೆ ಗುಂಡಿನ ತುದಿಗೆ ಮದ್ದು ಹಚ್ಚಿದರೆ ಗುಣವಾಗುವುದಿಲ್ಲ.

ಈ ಅಭ್ಯಾಸದ ಮಿತಿಯನ್ನೂ ಹೇಳಬೇಕು. ಗುಂಡಿನ ತಾಮ್ರದ ಹೊದಿಕೆಯೇ ಒಂದು ಬದಿ ದಪ್ಪವಿದ್ದರೆ ಎಷ್ಟು ನೆಟ್ಟಗೆ ಕೂರಿಸಿದರೂ ತೂಕ ಸಮವಾಗದು. ಅಮೆರಿಕದ ಫ್ರಾಂಕ್ಲಿನ್ ಮ್ಯಾನ್ 1909ರ ತಮ್ಮ ಪುಸ್ತಕದಲ್ಲಿ ಗುಂಡಿನ ಮೂತಿ ಕೆಟ್ಟರೆ ಆಗುವ ಹಾನಿಗಿಂತ ಬುಡ ಕೆಟ್ಟರೆ ಆಗುವ ಹಾನಿ ಹೆಚ್ಚೆಂದು ಪ್ರಯೋಗದಿಂದ ತೋರಿಸಿದ್ದರು. 300 ಮೀಟರ್ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 100 ಮಿಲಿಮೀಟರ್. ಅಂಥಲ್ಲಿ ಓರೆ ಕಡಿಮೆ ಮಾಡಿದ್ದಕ್ಕೆ ಬೆಲೆ ಇದೆ. ತೆರೆದ ಗುರಿಕಟ್ಟಿನ .315 ರೈಫಲಿನಲ್ಲಿ ಆ ಲಾಭ ಕಣ್ಣಿನ, ಕೈಯ ತಪ್ಪುಗಳಲ್ಲೇ ಮುಚ್ಚಿಹೋಗುತ್ತದೆ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಮದ್ದುಗುಂಡು ತಯಾರಿಕೆಗೆ ಪರವಾನಗಿ ಕಡ್ಡಾಯ. 50 ಮೀಟರ್ ಸ್ಪರ್ಧೆಯ .22 ತೋಟಾ ಬುಡದ ಅಂಚಿನಲ್ಲೇ ಸಿಡಿಮದ್ದು ಹೊತ್ತಿರುವುದರಿಂದ ಅದನ್ನು ಮತ್ತೆ ತುಂಬುವ ಮಾತೇ ಇಲ್ಲ. ಹೀಗಾಗಿ ಇಲ್ಲಿನ ಸ್ಪರ್ಧಿಗೆ ನೇರವಾಗಿ ಒದಗುವುದು ಅಳತೆಯ ಭಾಗ: ಕಾರ್ಖಾನೆಯ ತೋಟಾಗಳನ್ನು ಗೇಜಿನ ಮೇಲೆ ಉರುಳಿಸಿ, ನೆಟ್ಟಗಿರುವುದನ್ನು ಸ್ಪರ್ಧೆಗೆ, ಉಳಿದದ್ದನ್ನು ಅಭ್ಯಾಸಕ್ಕೆ ಬೇರ್ಪಡಿಸಿಟ್ಟುಕೊಳ್ಳುವುದು.